ಅಡ್ಜಸ್ಟ್ ಮಾಡ್ಕೋಬೇಕಾದವರು ಕೂತವರು

ಸಂಜೆ ಆರೂವರೆಗೆ ತುಮಕೂರು ಬಸ್ ಸ್ಟ್ಯಾಂಡಿನಿಂದ ಗುಬ್ಬಿ ಕಡೆಗೆ ಹೊರಡುವ ಬಸ್ಸು ಹತ್ತಿದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಮೂರು ಜನರ ಸೀಟಿನಲ್ಲಿ ಮೂರು ಜನ ಕೂತಿರುತ್ತಾರೆ. ಕಂಕುಳಲ್ಲಿ ಮಗು, ಕೈಯಲ್ಲಿ ತರಕಾರಿ ಚೀಲ ಹಿಡಿದ ಹೆಂಗಸೊಬ್ಬಳು ಪಕ್ಕ ಬಂದು ನಿಂತು ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ’ ಅನ್ನುತ್ತಾಳೆ. ಕೂತವರು ಗೊಣಗುತ್ತಾರೆ, ಮುಖ ಸಿಂಡರಿಸುತ್ತಾರೆ, ಆದರೂ ಸರಿಯುತ್ತಾರೆ. ಅರ್ಧ ಸೀಟಾದರೂ ಸಿಗುತ್ತೆ. ಇಡೀ ಕರ್ನಾಟಕವನ್ನೇ ನಡೆಸುತ್ತಿರುವ ಈ ಮಾತಿನ ವ್ಯಾಕರಣ ಗಮನಿಸಿ. ಅಡ್ಜಸ್ಟ್ ಆಗಬೇಕಾದವರು ಆಗಲೇ ಕೂತವರು. ನಿಂತವಳಲ್ಲ.

ಅದೇ ನಾವು ನಮ್ಮ ಮಕ್ಕಳನ್ನ ವಿಮಾನ ಹತ್ತಿಸುವಾಗ ಮಾತ್ರ ಈ ವ್ಯಾಕರಣ ತಲೆಕೆಳಗಾಗುತ್ತೆ. ಏರ್‌ಪೋರ್ಟಿನಲ್ಲಿ ಅಪ್ಪ, ಚಿಕ್ಕಪ್ಪ, ಪಕ್ಕದ ಮನೆ ಆಂಟಿ, ವಿಡಿಯೋ ಕಾಲ್‌ನಲ್ಲಿ ಅಜ್ಜಿ, ಎಲ್ಲರದ್ದೂ ಒಂದೇ ಉಪದೇಶ: ‘ಅಡ್ಜಸ್ಟ್ ಮಾಡ್ಕೋ ಕಣಮ್ಮ.’ ಹವಾಮಾನಕ್ಕೆ, ಊಟಕ್ಕೆ, ರೂಮ್‌ಮೇಟಿಗೆ, ಭಾಷೆಗೆ, ಕತ್ತಲಿಗೆ ಅಡ್ಜಸ್ಟ್ ಮಾಡ್ಕೋ. ಎರಡು ಸೂಟ್‌ಕೇಸು ಹಿಡಿದು, ಗೊತ್ತಿಲ್ಲದ ಬಸ್ಸಿನಲ್ಲಿ ನಿಂತಿರುವ ಇಪ್ಪತ್ತೆರಡು ವರ್ಷದ ಹುಡುಗಿಗೇ ನಾವು ಸರಿಯಲು ಹೇಳ್ತೀವಿ. ಎಲ್ಲಿಗೆ ಸರೀಬೇಕು ಅವಳು?

ನನ್ನ ಜಗಳ ಈ ಒಂದು ಪದದ ಜೊತೆ. ‘ಹೊಂದಾಣಿಕೆ’ ಅಂತ ಚಂದದ ಕನ್ನಡ ಮಾಡಿದರೂ ಜಗಳ ಬಿಡಲ್ಲ.

ನಾನು 2022ರ ಸೆಪ್ಟೆಂಬರ್‌ನಲ್ಲಿ ಗುಬ್ಬಿಯಿಂದ ಇಂಗ್ಲೆಂಡಿನ ಕೊವೆಂಟ್ರಿಗೆ ಒಂದು ವರ್ಷದ ಮಾಸ್ಟರ್ಸ್ ಮಾಡಲು ಹೋದೆ. ಹೋದದ್ದು ಎಂಥಾ ಮುಹೂರ್ತದಲ್ಲಿ ಅಂದರೆ, ರಾಣಿ ಎಲಿಜಬೆತ್ ತೀರಿಕೊಂಡು ಇಡೀ ದೇಶ ಸೂತಕದಲ್ಲಿತ್ತು. ನಾನು ಇಳಿದದ್ದು ಶನಿವಾರ ರಾತ್ರಿ. ಭಾನುವಾರ ಜೆಟ್‌ಲ್ಯಾಗ್‌ನಲ್ಲಿ ನಿದ್ದೆ. ಸೋಮವಾರ, ಸೆಪ್ಟೆಂಬರ್ 19, ಅಂತ್ಯಕ್ರಿಯೆಯ ರಜೆ. ದೊಡ್ಡ ಅಂಗಡಿಗಳೆಲ್ಲ ಬಂದ್. ಅಮ್ಮ ಕಟ್ಟಿಕೊಟ್ಟಿದ್ದ ಕೋಡುಬಳೆ, ಚಟ್ನಿಪುಡಿ, ನಲ್ಲಿ ನೀರು, ಇದಿಷ್ಟೇ ಆವತ್ತಿನ ಊಟ. ಸಂಜೆ ಅಮ್ಮ ಫೋನ್ ಮಾಡಿ ‘ಊಟ ಆಯ್ತಾ?’ ಅಂದರು. ‘ಹೂಂ, ಆಯ್ತು’ ಅಂದೆ. ಅದು ಮೊದಲನೇ ಸುಳ್ಳು. ಆಮೇಲೆ ಹದಿನಾರು ತಿಂಗಳು ದಿನಕ್ಕೊಂದರಂತೆ ಹೇಳಿದೆ. ಲೆಕ್ಕ ಹಾಕಿದರೆ ನಾನೂರೈವತ್ತು ದಾಟುತ್ತೆ.

ಯಾಕೆ ಸುಳ್ಳು ಹೇಳಿದೆ ಅನ್ನುವುದೇ ಇಲ್ಲಿ ಮುಖ್ಯ. ಒಂಟಿತನ ಅಂದ ಕೂಡಲೇ ಜನ ಅದನ್ನ ಮನಸ್ಸಿನ ವಿಷಯ ಅಂದುಕೊಳ್ತಾರೆ. ಯೋಗ ಮಾಡು, ಹಾಬಿ ಬೆಳೆಸ್ಕೋ, ಆ್ಯಪ್ ಹಾಕ್ಕೋ. ನಾನು ಹೇಳೋದು, ಅದು ಮೊದಲು ದುಡ್ಡಿನ ವಿಷಯ. ನನ್ನ ಸಾಲಕ್ಕೆ ಅಡವಾಗಿ ಬ್ಯಾಂಕಿನಲ್ಲಿ ಇದ್ದದ್ದು ಅಪ್ಪ ಇಪ್ಪತ್ತು ವರ್ಷ ಕಂತು ಕಟ್ಟಿ ತುಮಕೂರಿನಲ್ಲಿ ತಗೊಂಡಿದ್ದ ಸೈಟಿನ ಪತ್ರ. ಅದರ ಮೇಲೆ ವೀಸಾಕ್ಕೆ ತೋರಿಸಬೇಕಾದ ಹಣ. ಆಗಿನ ನಿಯಮದಂತೆ ಲಂಡನ್ ಹೊರಗೆ ಓದುವವರು ತಿಂಗಳಿಗೆ 1,023 ಪೌಂಡಿನಂತೆ ಒಂಬತ್ತು ತಿಂಗಳ ಖರ್ಚು, ಒಟ್ಟು 9,207 ಪೌಂಡ್, ಅಕೌಂಟಿನಲ್ಲಿ ತೋರಿಸಬೇಕಿತ್ತು. ಅದೂ ಸತತ 28 ದಿನ. ಒಂದು ದಿನವೂ ಕಮ್ಮಿ ಆಗಬಾರದು. ಆ 28 ದಿನ ನಮ್ಮನೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ, ಯಾಕಂದರೆ ಆ ಹಣದಲ್ಲಿ ಅರ್ಧ ದೊಡ್ಡಪ್ಪನದ್ದು, ಕಾಲು ಭಾಗ ಸೋದರಮಾವನದ್ದು. ಅಂದರೆ ನಾನು ಕೊವೆಂಟ್ರಿಯ ರೂಮಿನಲ್ಲಿ ಅತ್ತರೆ ಅದು ನನ್ನೊಬ್ಬಳ ಅಳು ಅಲ್ಲ. ಮೂರು ಮನೆಯ ಇನ್ವೆಸ್ಟ್‌ಮೆಂಟು ಅಳ್ತಿದೆ. ಅದು ಯಾರಿಗೆ ಬೇಕು?

ಹುಡುಗಿ ಅನ್ನುವುದು ಇದರ ಮೇಲಿನ ಬಡ್ಡಿ. ‘ಮದುವೆ ವಯಸ್ಸಿನ ಹುಡುಗೀನ ಅಷ್ಟು ದೂರ ಕಳಿಸ್ತಾ ಇದ್ದೀರಲ್ಲ’ ಅಂತ ನಾನು ಹೊರಡುವ ಮೊದಲೇ ಹೇಳಿದವರು ಇದ್ದರು. ಒಂದೇ ಒಂದು ಸಲ ‘ಇಲ್ಲಿ ಕಷ್ಟ ಆಗ್ತಿದೆ’ ಅಂದಿದ್ದರೂ ಸಾಕಿತ್ತು, ಮುಂದಿನ ವಾರಕ್ಕೇ ಜಾತಕ ಹೊರಬರುತ್ತಿತ್ತು. ಹಾಗಾಗಿ ‘ಚೆನ್ನಾಗಿದ್ದೀನಿ’ ಅನ್ನುವುದು ನನ್ನ ಸ್ವಾತಂತ್ರ್ಯಕ್ಕೆ ನಾನು ತಿಂಗಳು ತಿಂಗಳು ಕಟ್ಟುತ್ತಿದ್ದ ಬಾಡಿಗೆ. ಹೊರಗೆ ಹೋದ ನನ್ನ ಗೆಳತಿಯರಲ್ಲಿ ಈ ಬಾಡಿಗೆ ಕಟ್ಟದವಳನ್ನ ನಾನು ನೋಡಿಲ್ಲ.

ಈಗ ಈ ವ್ಯಾಪಾರದ ಅಂಗಡಿ ಇಟ್ಟವರ ವಿಷಯಕ್ಕೆ ಬರ್ತೀನಿ. ತುಮಕೂರಿನ ಎಂ.ಜಿ. ರೋಡು, ಬಿ.ಎಚ್. ರೋಡು, ಎಸ್.ಎಸ್. ಪುರಂ ಸುತ್ತಿ ಬನ್ನಿ. ಒಂದು ಕಾಲದಲ್ಲಿ ಟೈಪಿಂಗ್ ಇನ್ಸ್‌ಟಿಟ್ಯೂಟ್ ಇರುತ್ತಿದ್ದಂಥ ಮಹಡಿಗಳಲ್ಲಿ ಈಗ ಓವರ್‌ಸೀಸ್ ಕನ್ಸಲ್ಟೆನ್ಸಿಗಳು. ಐಇಎಲ್‌ಟಿಎಸ್ ಕಲಿಸ್ತಾರೆ, ಎಸ್‌ಒಪಿ ಬರೆಸ್ತಾರೆ, ಯಾವ ಬ್ಯಾಂಕು ಬೇಗ ಸಾಲ ಕೊಡುತ್ತೆ ಅಂತ ಹೇಳ್ತಾರೆ. ಹೊರಡೋ ಮುಂಚೆ ಒಂದು ಕ್ಲಾಸು ಇರುತ್ತೆ. ನಾನು ಹೋಗಿದ್ದ ಕ್ಲಾಸಿನಲ್ಲಿ ಎರಡು ಗಂಟೆ ಮಾತಾಡಿದರು: ಯಾವ ಅಡಾಪ್ಟರ್, ಯಾವ ಜಾಕೆಟ್, ಕುಕ್ಕರ್ ಚೆಕ್-ಇನ್ ಬ್ಯಾಗಲ್ಲೋ ಹ್ಯಾಂಡ್ ಬ್ಯಾಗಲ್ಲೋ. ಕುಕ್ಕರಿನ ಬಗ್ಗೆ ಇಪ್ಪತ್ತು ನಿಮಿಷ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗ್ತಾನೆ, ಅಕ್ಟೋಬರ್ ಕೊನೇ ಭಾನುವಾರ ಗಡಿಯಾರ ಹಿಂದಕ್ಕೆ ತಿರುಗಿಸ್ತಾರೆ, ಆವತ್ತಿಂದ ನಿಮ್ಮ ಮನೆಗೂ ನಿಮಗೂ ನಾಲ್ಕೂವರೆ ಗಂಟೆ ಇದ್ದ ಅಂತರ ಐದೂವರೆ ಆಗುತ್ತೆ, ನೀವು ಸಂಜೆ ಐದಕ್ಕೆ ರೂಮಿಗೆ ಬರೋ ಹೊತ್ತಿಗೆ ಗುಬ್ಬಿಯಲ್ಲಿ ರಾತ್ರಿ ಹತ್ತೂವರೆ, ಅಮ್ಮ ಮಲಗಿರ್ತಾರೆ — ಇದನ್ನ ಒಬ್ಬರೂ ಹೇಳಲಿಲ್ಲ. ಒಂದು ಗಂಟೆ ಅಂದರೆ ಏನು ಮಹಾ ಅನ್ನಿಸಬಹುದು. ನನ್ನ ಇಡೀ ಚಳಿಗಾಲ ಆ ಒಂದು ಗಂಟೆಯಲ್ಲಿ ಮುಳುಗಿಹೋಯಿತು.

ಆ ಕಡೆಯ ಅಂಗಡಿಯವರೂ ಕಮ್ಮಿ ಇಲ್ಲ. ಇಂಗ್ಲೆಂಡಿನಲ್ಲಿ ಆ ದೇಶದ ಮಕ್ಕಳ ಡಿಗ್ರಿ ಫೀಸಿಗೆ ಸರ್ಕಾರ ಮಿತಿ ಹಾಕಿದೆ. 2017ರಿಂದ ಎಷ್ಟೋ ವರ್ಷ ಅದು 9,250 ಪೌಂಡಿನಲ್ಲೇ ನಿಂತಿತ್ತು. ನಮ್ಮಂಥವರ ಫೀಸಿಗೆ ಮಿತಿ ಇಲ್ಲ. ಅಲ್ಲಿನ ಎಷ್ಟೋ ಯೂನಿವರ್ಸಿಟಿಗಳ ಲೆಕ್ಕ ಸರಿದೂಗುತ್ತಿರುವುದು ಹೊರದೇಶದ ಮಕ್ಕಳ ದುಡ್ಡಿನಿಂದ. ಅದಕ್ಕೇ ಕರೀತಾರೆ, ಮೇಳ ಮಾಡ್ತಾರೆ, ಬ್ರೋಷರಿನಲ್ಲಿ ನಾಲ್ಕು ಬಣ್ಣದ ನಾಲ್ಕು ಮುಖ ಹುಲ್ಲಿನ ಮೇಲೆ ಕೂತು ನಗ್ತಿರ್ತಾವೆ. ಒಳಗೆ ಹೋದ ಮೇಲೆ ಟಾಯ್ಲೆಟ್ ಬಾಗಿಲ ಹಿಂದೆ ‘ಒಂಟಿತನ ಕಾಡ್ತಿದೆಯೆ? ನಮ್ಮ ಜೊತೆ ಮಾತಾಡಿ’ ಅಂತ ಪೋಸ್ಟರು. ಮಾತಾಡೋಕೆ ಆರು ವಾರದ ಕ್ಯೂ.

ಕ್ಯೂ ನಿಂತು ಹೋದೆ ನಾನು. ಕೌನ್ಸೆಲರ್ ಒಳ್ಳೆಯವಳು, ಅವಳ ಬಗ್ಗೆ ನನಗೆ ಯಾವ ದೂರೂ ಇಲ್ಲ. ಏನನ್ನಿಸ್ತಿದೆ ಅಂತ ಕೇಳಿದಳು. ನನಗೆ ಅನ್ನಿಸ್ತಿದ್ದದ್ದು ‘ಒಂಥರಾ’. ಈ ‘ಒಂಥರಾ’ವನ್ನ ಇಂಗ್ಲಿಷಿನಲ್ಲಿ ಹೇಳಿ ನೋಡೋಣ. ದುಃಖ ಅಲ್ಲ, ಭಯ ಅಲ್ಲ, ಡಿಪ್ರೆಶನ್ ಅನ್ನೋ ಅಷ್ಟು ದೊಡ್ಡದೂ ಅಲ್ಲ. ಒಂಥರಾ. ಬೇಜಾರು ಅಂದರೂ ಪೂರ್ತಿ ಆಗಲ್ಲ. ಊರಲ್ಲಿ ಯಾರಾದರೂ ‘ಯಾಕೋ ಒಂಥರಾ ಆಗ್ತಿದೆ’ ಅಂದರೆ ಪಕ್ಕದವರು ‘ಬಾ, ಕಾಫಿ ಕುಡಿಯೋಣ’ ಅಂತಾರೆ, ಅಲ್ಲಿಗೆ ಅರ್ಧ ವಾಸಿ. ಇಲ್ಲಿ ಒಂದರಿಂದ ಹತ್ತರೊಳಗೆ ನಂಬರ್ ಕೊಡು ಅಂದಳು. ಆರು ಅಂದೆ. ಏನೋ ಒಂದು ನಂಬರ್.

ಕುಣಿಗಲ್ ಕಡೆಯ ಹುಡುಗನೊಬ್ಬ ನಮ್ಮ ಬೀದಿಯಲ್ಲೇ ಇದ್ದ. ರಾತ್ರಿ ಗೋಡೌನಿನಲ್ಲಿ ಪಾರ್ಸೆಲ್ ಎತ್ತುವ ಕೆಲಸ, ಬೆಳಿಗ್ಗೆ ಕ್ಲಾಸು. ಸ್ಟೂಡೆಂಟ್ ವೀಸಾದವರು ಟರ್ಮ್ ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು. ಆ ಇಪ್ಪತ್ತು ಗಂಟೆಯನ್ನ ಹೆಂಗೆ ಹಿಗ್ಗಿಸಿದರೂ ಬಾಡಿಗೆ, ಊಟ, ಕಂತು ಮೂರಕ್ಕೂ ಸಾಲುತ್ತಿರಲಿಲ್ಲ. ಅವರಪ್ಪ ತೆಂಗಿನ ತೋಟ ಅಡ ಇಟ್ಟಿದ್ದರು. ಒಂದು ಪೇಪರ್ ಫೇಲಾದದ್ದನ್ನ ಐದು ತಿಂಗಳು ಮನೆಗೆ ಹೇಳಿರಲಿಲ್ಲ. ಸ್ಟೇಟಸ್ ಮಾತ್ರ ಹಿಮದ ಫೋಟೋ, ಕ್ಯಾಸಲ್ ಫೋಟೋ. ಒಂದು ದಿನ ನನಗೆ ಹೇಳಿದ: ರಜೆಯ ದಿನ ರಾತ್ರಿ ಹನ್ನೊಂದೂವರೆಗೆ ಅವರಮ್ಮನಿಗೆ ಫೋನ್ ಹಚ್ಚುತ್ತಾನಂತೆ. ಅಲ್ಲಿ ಬೆಳಗಿನ ಐದು. ಅಮ್ಮ ಫೋನನ್ನ ಕಿಟಕಿ ಮೇಲೆ ಇಟ್ಟು ಕೆಲಸ ಶುರು ಮಾಡ್ತಾರೆ. ಇವನು ತನ್ನ ಕಡೆ ಮ್ಯೂಟ್ ಮಾಡಿ ಮಲಗ್ತಾನೆ. ಅಂಗಳಕ್ಕೆ ನೀರು ಹಾಕುವ ಸದ್ದು, ಹಾಲಿನ ಕ್ಯಾನಿನ ಸದ್ದು, ಹಸು ಕೂಗೋದು. ಇಷ್ಟು ಕೇಳಿಸಿದರೆ ನಿದ್ದೆ ಬರುತ್ತೆ ಅಂದ. ನಮ್ಮ ‘ಅಡ್ಜಸ್ಟ್ ಮಾಡ್ಕೋ’ ಪಂಡಿತರು ಇದಕ್ಕೇನಂತಾರೋ ಗೊತ್ತಿಲ್ಲ. ಡಾಟಾ ಖಾಲಿಯಾಗುತ್ತೆ, ಹುಷಾರು ಅನ್ನಬಹುದು.

2024ರ ಜುಲೈನಲ್ಲಿ ವಿದೇಶಾಂಗ ಇಲಾಖೆ ಲೋಕಸಭೆಗೆ ಒಂದು ಉತ್ತರ ಕೊಟ್ಟಿತು. ಹಿಂದಿನ ಐದು ವರ್ಷಗಳಲ್ಲಿ 633 ಭಾರತೀಯ ವಿದ್ಯಾರ್ಥಿಗಳು ಹೊರದೇಶಗಳಲ್ಲಿ ತೀರಿಕೊಂಡಿದ್ದಾರೆ, ಕೆನಡಾ ಒಂದರಲ್ಲೇ 172. ಕಾರಣಗಳು ಸಹಜ ಸಾವು, ಅಪಘಾತ, ಅನಾರೋಗ್ಯ ಇತ್ಯಾದಿ. ಒಂಟಿತನವೇ ಅವರನ್ನ ಕೊಂದಿತು ಅಂತ ಹೇಳುವಷ್ಟು ದಡ್ಡಿ ನಾನಲ್ಲ. ಆದರೆ ಜ್ವರ ಬಂದ ಮೂರನೇ ದಿನವೂ ಬಾಗಿಲು ತಟ್ಟುವವರಿಲ್ಲದ ರೂಮಿನಲ್ಲಿ ನಾನು ಮಲಗಿದ್ದೆ. ವರ್ಷಕ್ಕೆ 470 ಪೌಂಡ್ ಆಸ್ಪತ್ರೆ ಸರ್‌ಚಾರ್ಜ್ ಮೊದಲೇ ಕಟ್ಟಿದ್ದರೂ, ಡಾಕ್ಟರ ಹತ್ತಿರ ಹೆಸರು ನೋಂದಾಯಿಸಬೇಕು ಅನ್ನೋದೇ ನನಗೆ ಗೊತ್ತಿರಲಿಲ್ಲ. ‘ಅನಾರೋಗ್ಯ’ ಅನ್ನುವ ಆ ಕಲಂನ ಒಳಗೆ ಏನೇನು ತುಂಬಿರಬಹುದು ಅಂತ ಆ ಮೂರು ದಿನದ ಮೇಲೆ ನಾನು ಯೋಚಿಸ್ತೀನಿ.

ಇಷ್ಟು ಹೇಳಿದರೆ ಓದಿಕೊಂಡವರು ಒಂದು ವಾದ ತೆಗೀತಾರೆ. ‘ಒಂಟಿತನದಿಂದಲೇ ಅಲ್ವಾ ದೊಡ್ಡದೇನಾದರೂ ಹುಟ್ಟೋದು? ಅನಂತಮೂರ್ತಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಕೂತು ಸಂಸ್ಕಾರ ಬರೆದರಲ್ಲ?’ ಬರೆದರು. ತೀರ್ಥಹಳ್ಳಿ ಕಡೆಯ ಮೇಷ್ಟ್ರು ಕಾಮನ್‌ವೆಲ್ತ್ ಸ್ಕಾಲರ್‌ಶಿಪ್‌ನಲ್ಲಿ ಹೋಗಿ, ಪಿಎಚ್‌ಡಿ ಮಾಡುತ್ತಲೇ ಆ ಕಾದಂಬರಿ ಬರೆದರು. 1965ರಲ್ಲಿ ಅದು ಪ್ರಕಟವಾಯಿತು. ಕೊವೆಂಟ್ರಿಯಿಂದ ಬರ್ಮಿಂಗ್‌ಹ್ಯಾಮ್‌ಗೆ ರೈಲಿನಲ್ಲಿ ಅರ್ಧ ಗಂಟೆಯೂ ಇಲ್ಲ, ಹಾಗಾಗಿ ಈ ಉದಾಹರಣೆ ನನ್ನ ಮುಖಕ್ಕೆ ಎಷ್ಟು ಸಲ ಬಿದ್ದಿದೆಯೋ. ಆದರೆ ಕಥೆಯನ್ನ ಪೂರ್ತಿ ಹೇಳಿ ಸ್ವಾಮಿ. ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ಸಿನಿಮಾ ನೋಡಿದ್ದು, ಅದರ ಮೇಲೆ ತಮ್ಮ ಮೇಷ್ಟ್ರು ಮ್ಯಾಲ್ಕಂ ಬ್ರಾಡ್ಬರಿ ಜೊತೆ ಆಡಿದ ಮಾತು ಆ ಬರವಣಿಗೆಗೆ ಕಿಡಿಯಾಯಿತು ಅಂತ ಅನಂತಮೂರ್ತಿಯವರೇ ಹೇಳಿಕೊಂಡಿದ್ದಾರೆ. ಅಂದರೆ ಅವರಿಗೆ ಸಾಲ ಇರಲಿಲ್ಲ, ಸ್ಕಾಲರ್‌ಶಿಪ್ ಇತ್ತು. ಸಿನಿಮಾ ನೋಡಿ ಬಂದು ಮಾತಾಡೋಕೆ ಒಬ್ಬ ಮೇಷ್ಟ್ರು ಇದ್ದ. ಅದು ಕೂತವನು ಸ್ವಲ್ಪ ಸರಿದು ಜಾಗ ಕೊಟ್ಟ ಕಥೆ. ನನ್ನ ಮೇಷ್ಟ್ರಿಗೆ ನನ್ನ ಹೆಸರು ಉಚ್ಚರಿಸೋಕೆ ಬರ್ತಿರಲಿಲ್ಲ. ಇನ್ನೂರು ಜನರ ಕ್ಲಾಸು, ಅವನದ್ದೂ ತಪ್ಪಲ್ಲ ಬಿಡಿ.

ಇನ್ನು ನಮ್ಮವರು. ಅಂದರೆ ನೀವು, ನಾನು, ಲಿಂಕ್ಡ್‌ಇನ್‌ನಲ್ಲಿ ‘ಎರಡು ಸೂಟ್‌ಕೇಸ್ ಹಿಡಿದು ಬಂದೆ, ಇವತ್ತು...’ ಅಂತ ಪೋಸ್ಟ್ ಹಾಕುವ ನಮ್ಮ ಜಾತಿ. ಈ ಪೋಸ್ಟುಗಳಲ್ಲಿ ಒಂಟಿತನ ಯಾವಾಗಲೂ ಎರಡನೇ ಪ್ಯಾರಾದಲ್ಲಿ ಬಂದು ಮೂರನೇ ಪ್ಯಾರಾದಲ್ಲಿ ಮುಗಿದುಹೋಗಿರುತ್ತೆ. ನಾಲ್ಕನೇ ಪ್ಯಾರಾದಲ್ಲಿ ಪ್ರಮೋಷನ್. ಗೆದ್ದ ಮೇಲೆ ಮಾತ್ರ ಒಂಟಿತನದ ಬಗ್ಗೆ ಬಾಯಿ ಬಿಡಬಹುದು ಅನ್ನೋ ಈ ನಿಯಮ ಮಾಡಿದವರು ಯಾರು? ಅದನ್ನ ಓದುವ, ಇನ್ನೂ ಎರಡನೇ ಪ್ಯಾರಾದಲ್ಲೇ ಒದ್ದಾಡ್ತಿರುವ ಹುಡುಗಿಗೆ ಅದು ಧೈರ್ಯ ಕೊಡಲ್ಲ. ‘ಎಲ್ಲರಿಗೂ ಆಯ್ತು, ನಿನಗೆ ಮಾತ್ರ ಆಗ್ತಿಲ್ಲ’ ಅಂತ ಹೇಳುತ್ತೆ. ನಾನು ಹೋದ ವರ್ಷ, ನನಗಿಂತ ಎರಡು ಬ್ಯಾಚ್ ಸೀನಿಯರ್ ಒಬ್ಬರಿಗೆ, ತುಮಕೂರಿನವರೇ, ಮೆಸೇಜ್ ಮಾಡಿದ್ದೆ. ಒಂದು ಸಲ ಸಿಗ್ತೀರಾ ಅಂತ. ಅವರು ಕಳಿಸಿದ್ದು ‘ಹೊಸಬರಿಗೆ ಟಿಪ್ಸ್’ ಅನ್ನೋ ಹದಿನಾಲ್ಕು ಪುಟದ ಪಿಡಿಎಫ್. ಪಾಪ, ಒಳ್ಳೇ ಮನಸ್ಸಿನಿಂದಲೇ ಕಳಿಸಿದ್ದು. ಆದರೆ ಪಿಡಿಎಫ್ ಜೊತೆ ಊಟ ಮಾಡೋಕೆ ಆಗಲ್ಲ.

ನನ್ನನ್ನ ಉಳಿಸಿದ್ದು ಗುರುವಾರ. ಫೋಲ್ಸ್‌ಹಿಲ್ ರೋಡಿನ ಇಂಡಿಯನ್ ಅಂಗಡಿಯಲ್ಲಿ ರಾಗಿ ಹಿಟ್ಟಿನ ಪ್ಯಾಕೆಟ್ಟಿನ ರೇಟು ನೋಡಿ ವಾಪಸ್ ಇಟ್ಟೆ. ಹಿಂದೆ ನಿಂತಿದ್ದವರು ‘ಯಾವೂರವ್ವ?’ ಅಂದರು. ನಾನು ಅಲ್ಲೇ ಅತ್ತುಬಿಡ್ತಿದ್ದೆ. ಯಡಿಯೂರಿನ ಕಡೆಯವರು, ಆಸ್ಪತ್ರೆಯಲ್ಲಿ ನರ್ಸು. ‘ಗುರುವಾರ ನಂಗೆ ಆಫು. ಸಂಜೆ ಬಾ’ ಅಂದರು. ಹೋದೆ. ಮುದ್ದೆ, ಉಪ್ಸಾರು. ಅವರು ನನ್ನ ಕೋರ್ಸಿನ ಬಗ್ಗೆ ಕೇಳಲಿಲ್ಲ, ಪ್ಲೇಸ್‌ಮೆಂಟ್ ಬಗ್ಗೆ ಕೇಳಲಿಲ್ಲ. ಹೊರಡುವಾಗ ‘ಮುಂದಿನ ಗುರುವಾರ ಬರ್ತಾ ಕೊತ್ತಂಬರಿ ತಗಂಬಾ’ ಅಂದರು. ಅಷ್ಟೆ. ಮುಂದಿನ ಗುರುವಾರ ಅನ್ನೋದು ಒಂದಿದೆ, ಅದಕ್ಕೆ ನಾನು ಕೊತ್ತಂಬರಿ ತರಬೇಕು. ಮೂರ್ನಾಲ್ಕು ವಾರ ಆದ ಮೇಲೆ ಪಾತ್ರೆ ತೊಳೀತಾ ಅತ್ತಿದ್ದನ್ನ ನೋಡಿ ‘ನಂಗೆ ಎರಡು ವರ್ಷ ಬೇಕಾಯ್ತು ಕಣೆ’ ಅಂದರು. ಹದಿನಾರು ತಿಂಗಳಲ್ಲಿ ‘ಅಡ್ಜಸ್ಟ್ ಮಾಡ್ಕೋ’ ಅನ್ನದೇ ಇದ್ದ ಒಬ್ಬರೇ ಮನುಷ್ಯರು ಅವರು.

ಆಮೇಲೆ ನನಗೆ ಹೊಳೆದದ್ದು: ಇದಕ್ಕೆ ನಮ್ಮಲ್ಲಿ ಹೆಸರೇ ಇದೆಯಲ್ಲ. ವಾರಾನ್ನ. ನಮ್ಮ ಅಜ್ಜಂದಿರ ಕಾಲದಲ್ಲಿ ಹಳ್ಳಿಯಿಂದ ಪಟ್ಟಣಕ್ಕೆ ಓದಲು ಬಂದ ಬಡ ಹುಡುಗರು ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಅಂತ ಉಂಡು ಓದಿದರು. ಗುಬ್ಬಿಯ ತೋಟದಪ್ಪನವರು ಬೆಂಗಳೂರಿನ ರೈಲ್ವೆ ಸ್ಟೇಷನ್ ಹತ್ತಿರವೇ ಛತ್ರ ಕಟ್ಟಿಸಿದರು. ಮೆಜೆಸ್ಟಿಕ್‌ನಲ್ಲಿ ಇವತ್ತಿಗೂ ನಿಂತಿದೆ. ಪರಊರಿನಿಂದ ಬಂದವನು ರೈಲಿಳಿದ ಕೂಡಲೇ ಬೇಕಾಗೋದೇನು ಅಂತ ಆ ವ್ಯಾಪಾರಸ್ಥರಿಗೆ ಗೊತ್ತಿತ್ತು. ಓದುವ ಹುಡುಗರಿಗೆ ಹಾಸ್ಟೆಲನ್ನೂ ಮಾಡಿದರು. ಕ್ಯಾತ್ಸಂದ್ರದ ಪಕ್ಕ ಸಿದ್ಧಗಂಗಾ ಮಠದಲ್ಲಿ ಸುಮಾರು ಹತ್ತು ಸಾವಿರ ಮಕ್ಕಳು ಜಾತಿ ಧರ್ಮದ ಭೇದವಿಲ್ಲದೆ ಉಂಡು, ಇದ್ದು, ಓದ್ತಾರೆ. 2019ರಲ್ಲಿ ಶಿವಕುಮಾರ ಸ್ವಾಮೀಜಿ ಹೋದಾಗ ಇಡೀ ಜಿಲ್ಲೆ ಅತ್ತಿದ್ದು ಆ ಅನ್ನಕ್ಕೆ. ಮನೆ ಬಿಟ್ಟು ಬಂದ ಮಗುವನ್ನ ಏನು ಮಾಡಬೇಕು ಅನ್ನೋದರಲ್ಲಿ ಜಗತ್ತಿಗೇ ಪಾಠ ಹೇಳಬಹುದಾದ ಊರು ನಮ್ಮದು.

ವಾರಾನ್ನವನ್ನ ಸುಮ್ಮನೆ ಹೊಗಳಲೂ ಆಗಲ್ಲ. ಅದು ಜಾತಿ ಕೇಳಿ ಬಡಿಸಿದ ಅನ್ನ. ಯಾರ ಮನೆ ಜಗುಲಿಗೆ ಯಾವ ಹುಡುಗ ಹತ್ತಬಹುದು ಅಂತ ಮೊದಲೇ ತೀರ್ಮಾನ ಆಗಿರುತ್ತಿತ್ತು. ಆ ಕಾಲದ ಎಷ್ಟೋ ವಿದ್ಯಾರ್ಥಿನಿಲಯಗಳು ಹುಟ್ಟಿದ್ದೂ ಒಂದೊಂದು ಜಾತಿಯ ಹೆಸರಿನಲ್ಲೇ. ಇವತ್ತು ಹೊರದೇಶದ ವಾಟ್ಸಾಪ್ ಗುಂಪುಗಳಲ್ಲೂ ಅದೇ ವಾಸನೆ ಇದೆ, ‘ಪ್ಯೂರ್ ವೆಜ್ ಫ್ಲಾಟ್‌ಮೇಟ್ ಬೇಕು’ ಅನ್ನೋದರ ಅರ್ಥ ನಿಮಗೂ ಗೊತ್ತು ನನಗೂ ಗೊತ್ತು.

ಗೊತ್ತಿರೋದರಿಂದಲೇ ಈಗ ನಮ್ಮನೆ ಕಥೆ ಹೇಳಬೇಕು. ಇಲ್ಲದಿದ್ದರೆ ಇದುವರೆಗೆ ಬರೆದದ್ದೆಲ್ಲ ಬರೀ ಗೋಳಾಗುತ್ತೆ.

ನಾನು ವಾಪಸ್ ಬಂದ ಮೇಲೆ ನನ್ನ ತಮ್ಮ ಒಂದು ವಿಷಯ ತಂದ. ಅವನ ಕಾಲೇಜಿನಲ್ಲಿ ಜಾಂಬಿಯಾದ ಹುಡುಗನೊಬ್ಬ ಓದ್ತಿದ್ದಾನೆ, ಹಾಸ್ಟೆಲ್ ಬಿಟ್ಟು ರೂಮು ಹುಡುಕ್ತಿದ್ದಾನೆ, ಎಲ್ಲೂ ಕೊಡ್ತಿಲ್ಲ. ತುಮಕೂರಿನಲ್ಲಿ ನಮ್ಮ ಸೋದರಮಾವನ ಮನೆಯ ಮಹಡಿ ಖಾಲಿ ಇತ್ತು, ಗೇಟಿಗೆ ‘ಟು-ಲೆಟ್’ ಬೋರ್ಡು. ಫೋನ್ ಮಾಡಿದೆ. ವೀಸಾದ 28 ದಿನಕ್ಕೆ ಕಾಲು ಭಾಗ ದುಡ್ಡು ಕೊಟ್ಟ ಮಾವ ಅವರು, ಒಳ್ಳೆಯವರು, ಅದನ್ನ ಮೊದಲೇ ಹೇಳಿಬಿಡ್ತೀನಿ.

‘ಯಾವ ದೇಶ ಅಂದೆ?’

‘ಜಾಂಬಿಯಾ ಮಾವ.’

‘ಅದೇ, ಆಫ್ರಿಕಾ ತಾನೆ. ಬ್ಯಾಡ ಕಣವ್ವ. ಅವರದ್ದೆಲ್ಲ ಒಂಥರಾ ಇರುತ್ತೆ.’

ನನ್ನದೇ ‘ಒಂಥರಾ’. ಒಂದು ಮಾತಿಗೆ ಎಷ್ಟು ಬಾಗಿಲು ನೋಡಿ.

ವಾದ ಮಾಡಿದೆ. ಕೊನೆಗೆ ಬಂದದ್ದು ಪೊಲೀಸಿನ ನೆಪ. ವಿದೇಶಿಯರಿಗೆ ಇರಲು ಜಾಗ ಕೊಟ್ಟವರು 24 ಗಂಟೆಯೊಳಗೆ ಒಂದು ಫಾರಂ ತುಂಬಬೇಕು, ಅದು ನಿಜ. ಆದರೆ ಅದು ಆನ್‌ಲೈನ್. ಪಾಸ್‌ಪೋರ್ಟು, ವೀಸಾ ನಂಬರು, ಫೋಟೋ, ವಿಳಾಸ. ನಾನೇ ಕೂತು ತುಂಬಿಕೊಡ್ತೀನಿ ಅಂದೆ. ‘ಅದೆಲ್ಲ ಯಾಕೆ ತಲೆನೋವು, ಫ್ಯಾಮಿಲಿಗೆ ಕೊಡೋಣ ಅಂತಿದ್ದೀನಿ’ ಅಂದರು. ಕೊವೆಂಟ್ರಿಯಲ್ಲಿ ರೂಮು ಹುಡುಕುವಾಗ ‘ಯು.ಕೆ.ಯಲ್ಲಿ ಗ್ಯಾರಂಟರ್ ಇದ್ದಾರಾ’ ಅಂತ ಕೇಳಿ ಫೋನ್ ಇಟ್ಟಿದ್ದ ಹೆಂಗಸಿನ ಮೇಲೆ ನಾನು ಈ ಮಾವನ ಹತ್ತಿರವೇ ಅತ್ತುಕೊಂಡಿದ್ದೆ. ‘ಬಿಳಿಯರಿಗೆ ಕೊಬ್ಬು’ ಅಂದಿದ್ದರು ಆಗ.

2016ರ ಜನವರಿ 31ರಂದು ಬೆಂಗಳೂರಿನ ಹೆಸರಘಟ್ಟದ ಹತ್ತಿರ ನಡೆದದ್ದು ನೆನಪಿದೆಯಾ? ಸುಡಾನಿನ ಒಬ್ಬ ಓಡಿಸುತ್ತಿದ್ದ ಕಾರು ಗುದ್ದಿ ಹೆಂಗಸೊಬ್ಬರು ತೀರಿಕೊಂಡರು. ಸ್ವಲ್ಪ ಹೊತ್ತಿನ ನಂತರ ಅದೇ ದಾರಿಯಲ್ಲಿ, ಆ ಅಪಘಾತಕ್ಕೂ ತನಗೂ ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿ ಬಂದಳು. ಗುಂಪು ಅವಳ ಮೇಲೆ ಹಲ್ಲೆ ಮಾಡಿತು, ಅವರು ಬಂದಿದ್ದ ಕಾರಿಗೆ ಬೆಂಕಿ ಹಚ್ಚಿತು. ದೇಶ ಬೇರೆ, ಮನುಷ್ಯ ಬೇರೆ, ಬಣ್ಣ ಒಂದೇ. ನಮ್ಮ ಮಾವ ಯಾವತ್ತೂ ಯಾರ ಮೇಲೂ ಕೈ ಎತ್ತುವವರಲ್ಲ. ಆದರೆ ‘ಅದೇ, ಆಫ್ರಿಕಾ ತಾನೆ’ ಅನ್ನೋ ವಾಕ್ಯ ಆ ಗುಂಪಿನಲ್ಲೂ ಇತ್ತು.

ನಮ್ಮ ದೇಶದಿಂದ ಓದಲು ಹೊರಗೆ ಹೋದವರು 2024ರ ಲೆಕ್ಕಕ್ಕೆ 13 ಲಕ್ಷಕ್ಕೂ ಹೆಚ್ಚು. ಇಲ್ಲಿಗೆ ಬಂದು ಓದುತ್ತಿದ್ದ ವಿದೇಶಿ ವಿದ್ಯಾರ್ಥಿಗಳು 2021-22ರ ಸಮೀಕ್ಷೆಯಲ್ಲಿ ಸುಮಾರು 47 ಸಾವಿರ, ಅದರಲ್ಲೂ ದೊಡ್ಡ ಪಾಲು ಪಕ್ಕದ ನೇಪಾಳದವರು. ಅಂದರೆ 13 ಲಕ್ಷ ಮಕ್ಕಳಿಗೆ ಜಗತ್ತು ಸರಿದು ಜಾಗ ಕೊಡಬೇಕು ಅಂತ ಬಯಸುವ ನಾವು 47 ಸಾವಿರಕ್ಕೆ ಸರಿಯಲ್ಲ. ಕುಣಿಗಲ್‌ನಲ್ಲಿ ಟಿಪ್ಪುವಿನ ಕಾಲದಿಂದ ಕುದುರೆ ಫಾರ್ಮ್ ಇದೆ. ಹೊರದೇಶದಿಂದ ತರಿಸಿದ ಕುದುರೆಗೆ ಅಲ್ಲಿ ಲಾಯ ಇದೆ, ಹುಲ್ಲು ಇದೆ, ಡಾಕ್ಟರು, ಆಳು ಇದ್ದಾರೆ. ಅದಕ್ಕೆ ಯಾರೂ ಅಡ್ಜಸ್ಟ್ ಮಾಡ್ಕೋ ಅಂತ ಹೇಳಲ್ಲ.

‘ಇದೆಲ್ಲ ಹೊಟ್ಟೆ ತುಂಬಿದವರ ಗೋಳು’ ಅನ್ನುವವರಿಗೆ ಒಂದು ಮಾತು. ಅರ್ಧ ಒಪ್ತೀನಿ. ನಾನು ಇಷ್ಟಪಟ್ಟು ಹೋದವಳು. ತುಮಕೂರಿನಲ್ಲೇ ಬಿಲ್ಡಿಂಗ್ ಕೆಲಸಕ್ಕೆ ರಾಯಚೂರಿನಿಂದ ಬಂದು ತಗಡಿನ ಶೆಡ್ಡಿನಲ್ಲಿರುವ ಹುಡುಗಿಗೆ ಕೌನ್ಸೆಲರ್ ಕ್ಯೂ ಕೂಡ ಇಲ್ಲ. ಆದರೆ ಅವಳ ಕಷ್ಟ ತೋರಿಸಿ ಇವಳ ಬಾಯಿ ಮುಚ್ಚಿಸುವವರು ಅವಳಿಗೂ ಏನೂ ಮಾಡಿರಲ್ಲ ಅನ್ನೋದನ್ನ ನಾನು ಗಮನಿಸಿದ್ದೀನಿ. ‘ನಾವೂ ಹಾಸ್ಟೆಲ್‌ನಲ್ಲಿ ಅತ್ತಿಲ್ವಾ’ ಅನ್ನುವ ಹಿರಿಯರಿಗೆ ಇನ್ನೊಂದು: ಅತ್ತಿರಿ, ಸರಿ. ಆದರೆ ಪಕ್ಕದ ಚಾಪೆಯಲ್ಲಿ ಇನ್ನೊಬ್ಬ ಅಳ್ತಿದ್ದ. ಬೆಳಿಗ್ಗೆ ಇಬ್ಬರೂ ಒಂದೇ ಸಾಲಲ್ಲಿ ಕೂತು ಉಪ್ಪಿಟ್ಟು ತಿಂದ್ರಿ.

ಹಾಗಾದರೆ ಏನು ಮಾಡಬೇಕು ಅಂತ ಕೇಳಿದರೆ ನನ್ನ ಹತ್ತಿರ ಪಿಡಿಎಫ್ ಇಲ್ಲ. ನೀವು ಆಗಲೇ ಹೋಗಿ ಕೂತಿದ್ದರೆ, ಡಬ್ಲಿನ್‌ನಲ್ಲೋ ಟೊರೊಂಟೊದಲ್ಲೋ ಮೆಲ್ಬರ್ನ್‌ನಲ್ಲೋ, ವಾರದಲ್ಲಿ ಒಂದು ದಿನ ಗೊತ್ತು ಮಾಡಿ, ಒಂದು ತಟ್ಟೆ ಹೆಚ್ಚಿಗೆ ಇಡಿ, ಜಾತಿ ಕೇಳಬೇಡಿ. ಬರುವವರಿಗೆ ಏನಾದರೂ ತರೋಕೆ ಹೇಳಿ. ಬರೀ ಉಣ್ಣೋಕೆ ಕರೆದರೆ ಎರಡನೇ ವಾರ ಸಂಕೋಚದಿಂದ ಬರಲ್ಲ, ಕೊತ್ತಂಬರಿ ತರೋಕಿದ್ದರೆ ಬರ್ತಾರೆ. ಕಳಿಸಿದ ಅಪ್ಪ ಅಮ್ಮ ಆಗಿದ್ದರೆ ‘ಹೆಂಗಿದ್ದೀಯ’ ಅನ್ನೋದರ ಬದಲು ‘ಇವತ್ತು ಯಾರ ಜೊತೆ ಮಾತಾಡಿದೆ?’ ಅಂತ ಕೇಳಿ. ಆ ಪ್ರಶ್ನೆಗೆ ಸುಳ್ಳು ಹೇಳೋದು ಕಷ್ಟ, ನಾನು ಮಾಡಿ ನೋಡಿದ್ದೀನಿ. ವಾಪಸ್ ಬರ್ತೀನಿ ಅಂದರೆ ಸೈಟಿನ ವಿಷಯ ಮೊದಲ ವಾಕ್ಯದಲ್ಲಿ ತೆಗೀಬೇಡಿ. ಮೂರನೇ ವಾಕ್ಯದಲ್ಲಿ ತೆಗೀರಿ ಬೇಕಾದರೆ.

ಆ ಜಾಂಬಿಯಾದ ಹುಡುಗನನ್ನ ತಮ್ಮ ಒಂದು ಭಾನುವಾರ ಗುಬ್ಬಿಗೆ ಕರ್ಕೊಂಡು ಬಂದ. ಅಮ್ಮ ಭಯದಲ್ಲಿ ಚಪಾತಿ, ಪಲ್ಯ, ಅನ್ನ, ಎಲ್ಲಾ ಮಾಡಿಟ್ಟಿದ್ದರು. ಅವನು ಅಪ್ಪನ ತಟ್ಟೆಯಲ್ಲಿದ್ದ ಮುದ್ದೆ ನೋಡಿ ಅದು ಬೇಕು ಅಂದ. ಅವರ ಕಡೆ ಮೆಕ್ಕೆಜೋಳದ ಹಿಟ್ಟಿನಲ್ಲಿ ಎನ್‌ಶೀಮಾ ಅಂತ ಮಾಡ್ತಾರಂತೆ, ಹೀಗೇ ಗಟ್ಟಿಯಾಗಿ ತೊಳೆಸಿ, ಹೀಗೇ ಕೈಯಲ್ಲಿ ಮುರಿದು ಸೊಪ್ಪಿನ ಜೊತೆ ತಿನ್ನೋದು. ಬಣ್ಣ ಮಾತ್ರ ಬಿಳಿ. ಅವನು ಅಗಿಯೋದನ್ನ ನೋಡಿ ಅಮ್ಮನಿಗೆ ತಡೆಯೋಕಾಗಲಿಲ್ಲ. ‘ಅಗೀಬಾರ್ದು ಕಣಪ್ಪ, ನುಂಗು’ ಅಂತ ಕನ್ನಡದಲ್ಲೇ ಹೇಳಿದರು. ಅವನು ಇಂಗ್ಲಿಷಿನಲ್ಲಿ ಏನೋ ಅಂದ. ಎರಡನೇ ಮುದ್ದೆ ಹಾಕಿಸಿಕೊಂಡ. ಹೊರಡುವಾಗ ಅಮ್ಮ ‘ಬರೋ ವಾರ ಬಾ’ ಅಂದರೋ ಇಲ್ಲವೋ ನನಗೆ ನೆನಪಿಲ್ಲ, ಅವನು ಮಾತ್ರ ಬಂದ. ಆಮೇಲೆ ಸೆಮಿಸ್ಟರ್ ರಜೆ, ಪರೀಕ್ಷೆ.

ಸಂಕ್ರಾಂತಿಗೆ ಎಳ್ಳು ಬೀರಲು ಮಾವನ ಮನೆಗೆ ಹೋದಾಗ ಮಹಡಿ ಇನ್ನೂ ಖಾಲಿಯೇ ಇತ್ತು. ಫ್ಯಾಮಿಲಿ ಸಿಕ್ಕಿಲ್ಲವಂತೆ. ಕಾಫಿ ತಂದುಕೊಟ್ಟ ಅತ್ತೆ ಮಾವ ಕೇಳದ ಹಾಗೆ ಮೆಲ್ಲಗೆ ಕೇಳಿದರು, ‘ಆ ಹುಡುಗನಿಗೆ ಮನೆ ಸಿಕ್ತಾ?’

ಸಿಕ್ಕಿಲ್ಲ ಅತ್ತೆ, ಅಂದೆ. ಹಾಸ್ಟೆಲಿನಲ್ಲೇ ಇದ್ದಾನೆ.

‘ಆ ಫಾರಂ ತುಂಬೋದು ಹೆಂಗೆ?’ ಅಂದರು. ಫೋನ್ ತೆಗೆದು ತೋರಿಸಿದೆ.